ಬಲಗಡೆಗೆ ಒದ್ದ ಚೆಂಡು

ಗೋಲ್‌ಕೀಪರ್ ಕೆಲಸವೆಂದರೆ ಅತ್ತೆಮನೆಯಲ್ಲಿ ಸೊಸೆಯ ಕೆಲಸ. ಹತ್ತು ಚೆಂಡು ತಡೆದರೆ ಯಾರೂ ಕೇಳುವುದಿಲ್ಲ, ಒಂದು ಬಿಟ್ಟರೆ ಬೀದಿಯೆಲ್ಲ ಬೈಯುತ್ತದೆ. ಶಿವಾಜಿನಗರದ ಮುಬೀನ್ ಇಷ್ಟು ವರ್ಷ ಆ ಬೈಗುಳ ತಿಂದೇ ಬದುಕಿದವನು. ಹಾಕಿ ಲೀಗಿನಲ್ಲಿ ಅವನು ಆಡದ ತಂಡವೇ ಇಲ್ಲ. ಸೀಸನ್ ಬಂದಾಗ ಕರೆಯುತ್ತಾರೆ, ಮುಗಿದಾಗ ಮರೆಯುತ್ತಾರೆ. ಪ್ಯಾಡುಗಳ ದೊಡ್ಡ ಚೀಲ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರು, "ಮನೆ ಖಾಲಿ ಮಾಡ್ತಿದ್ದೀರಾ ಸಾಹೇಬ್ರೇ?" ಎಂದು ಕೇಳುತ್ತಿದ್ದ.

ಈ ಸಲ ಒಂದು ಬ್ಯಾಂಕಿನ ತಂಡ ಕರೆದಿತ್ತು. ಮ್ಯಾನೇಜರ್ ವೆಂಕಟಸ್ವಾಮಿ ಮೊದಲೇ ಹೇಳಿದ್ದರು: "ಫೈನಲ್ ಗೆಲ್ಸಿಕೊಡಿ ಮುಬೀನ್, ಬ್ಯಾಂಕಲ್ಲಿ ಪರ್ಮನೆಂಟ್ ಕೆಲ್ಸ ಮಾಡಿಸ್ಕೊಡ್ತೀನಿ." ನಲವತ್ತರ ಹತ್ತಿರ ಬಂದ ಗೋಲ್‌ಕೀಪರ್‌ಗೆ ಇನ್ನೊಮ್ಮೆ ಯಾರು ಹೀಗೆ ಹೇಳುತ್ತಾರೆ? ಹೆಂಡತಿ ರಿಮ್ಶಾ ಆಗಲೇ ಅವನ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕಿಸಿ ಇಟ್ಟಿದ್ದಳು.

ಫೈನಲ್‌ನಲ್ಲಿ ಎದುರಾಳಿ ಒಂದು ಕಾರ್ಖಾನೆಯ ತಂಡ. ಅದರಲ್ಲಿ ಕುಕ್ ಟೌನಿನ ರಯಾನ್ ಇದ್ದ. ಹಿಂದೆ ಇಬ್ಬರೂ ಒಂದೇ ಕ್ಲಬ್ಬಿಗೆ ಎಷ್ಟೋ ವರ್ಷ ಆಡಿದವರು. ಗೋಲಿನಲ್ಲಿ ಮುಬೀನ್, ಅವನ ಬಲಕ್ಕೆ ರಯಾನ್. ಮುಬೀನ್ ಚೆಂಡು ತಡೆದು ನೋಡದೆಯೇ ಬಲಗಡೆಗೆ ಒದೆಯುವುದು, ರಯಾನ್ ಅದನ್ನು ಹಿಡಿದು ಮಧ್ಯಗೆರೆಯಾಚೆಗೆ ಬಾರಿಸುವುದು. ಕಣ್ಣು ಕಟ್ಟಿದರೂ ತಪ್ಪುತ್ತಿರಲಿಲ್ಲ.

ಬ್ಯಾಂಕ್ ಒಂದು ಗೋಲು ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ಕಾರ್ಖಾನೆಯವರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ರಯಾನ್ ಕೂಡ ಮುಂದೆ ಬಂದ. ಗ್ಯಾಲರಿಯಲ್ಲಿದ್ದ ಮುಬೀನನ ಬೀದಿಯವರು ನಾವೆಲ್ಲ ಎದ್ದು ನಿಂತೆವು. ರಭಸದಿಂದ ಬಂದ ಹೊಡೆತ ಮುಬೀನನ ಎಡಗಾಲಿನ ಪ್ಯಾಡಿಗೆ ಬಡಿದು ಬಿತ್ತು. ಅಲ್ಲಿಂದಾಚೆಗೆ ಅವನ ಬುದ್ಧಿ ಕೆಲಸ ಮಾಡಲಿಲ್ಲ, ಕಾಲು ಮಾಡಿತು. ಬಲಗಡೆಗೆ ಒದ್ದ. ಅಲ್ಲಿ ರಯಾನ್ ನಿಂತಿದ್ದ, ಈಗ ಎದುರಾಳಿಯಾಗಿ.

ಗೋಲು ಬಾಗಿಲು ತೆಗೆದಿಟ್ಟ ಮನೆಯಂತಿತ್ತು. ಮುಬೀನ್ ಕಣ್ಣು ಮುಚ್ಚಿಕೊಂಡ. ರಯಾನ್ ಚೆಂಡು ಹಿಡಿದ, ಗರಕ್ಕನೆ ತಿರುಗಿದ, ಗೋಲಿಗೆ ಬೆನ್ನು ಹಾಕಿ ಮಧ್ಯಗೆರೆಯ ಕಡೆಗೆ ಬಾರಿಸಿಬಿಟ್ಟ! ಅಂಪೈರ್ ಸೀಟಿ ಊದಿದರು. ಬ್ಯಾಂಕ್ ಗೆದ್ದಿತು.

ಗ್ಯಾಲರಿ ಮೊದಲು ನಕ್ಕಿತು, ಆಮೇಲೆ ಕೆರಳಿತು. "ಮಾರ್ಕೊಂಡ್ಬಿಟ್ರು ಗುರು! ಇಬ್ರೂ ಸೇರ್ಕೊಂಡು ಮ್ಯಾಚ್ ಮಾರ್ಕೊಂಡ್ರು!" ನಮ್ಮ ಜನರ ಬಾಯಿಗೆ ಬೀಗವೆಲ್ಲಿದೆ? ಕಾರ್ಖಾನೆಯವರು ರಯಾನ್‌ನನ್ನು ತಿರುಗಿಯೂ ನೋಡದೆ ಹೊರಟರು. ಅವನು ಗೋಲ್ ಕಂಬಕ್ಕೊರಗಿ ಕುಸಿದು ಕೂತ.

ಮುಬೀನ್ ಹತ್ತಿರ ಹೋದ. "ಬೇಕಂತ ಮಾಡಿದ್ಯಾ?"

"ತಲೆ ಕೆಟ್ಟಿದ್ಯಾ ಮಗಾ? ನನಗೂ ಕಪ್ ಬೇಕಿತ್ತು. ನಿನ್ನ ಕಾಲಿಂದ ಬಾಲ್ ಬಂತು, ಕೈ ಹೊಡ್ದುಬಿಡ್ತು." ರಯಾನ್ ಅಳುತ್ತಿದ್ದ. "ನಾಳೆಯಿಂದ ಎಲ್ರೂ ನನ್ನ ಕಳ್ಳ ಅಂತಾರೆ ಕಣೋ."

ವೆಂಕಟಸ್ವಾಮಿ ಓಡಿಬಂದರು. "ಮುಬೀನ್, ಇವ್ರ ಹತ್ರ ನಿಲ್ಬೇಡಿ. ಜನ ಏನೇನೋ ಮಾತಾಡ್ತಿದ್ದಾರೆ, ನಮ್ಮ ಸಾಹೇಬ್ರು ನೋಡ್ತಿದ್ದಾರೆ. ಫೋಟೋಗೆ ಬನ್ನಿ. ಕೆಲ್ಸ ಕಳ್ಕೋಬೇಡಿ ರೀ."

ಮುಬೀನ್ ಒಮ್ಮೆ ಕಪ್ಪಿನ ಕಡೆ ನೋಡಿದ, ಒಮ್ಮೆ ರಯಾನ್ ಕಡೆ.

"ತಪ್ಪು ಕಡೆಗೆ ಮೊದ್ಲು ಒದ್ದಿದ್ದು ನಾನು ಸಾರ್. ಕಳ್ಳ ಅಂದ್ರೆ ಇಬ್ರಿಗೂ ಅನ್ಲಿ." ಹಾಗೆಂದವನೇ ರಯಾನ್ ಪಕ್ಕದಲ್ಲಿ ಕಾಲು ಚಾಚಿ ಕೂತುಬಿಟ್ಟ.

ಗೆದ್ದವರ ಫೋಟೋ ಗೋಲ್‌ಕೀಪರ್ ಇಲ್ಲದೆಯೇ ಮುಗಿಯಿತು. ಆ ನೌಕರಿ ಅವನಿಗೆ ಸಿಗಲಿಲ್ಲ. ಸಿಗುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ನನಗೆ ವಿಪರೀತ ಸಿಟ್ಟು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ತಾನೇ ಮಾಡಿಕೊಂಡನಲ್ಲ, ಮೂರ್ಖ! ಚೆನ್ನಾಗಿ ಉಗಿಯಬೇಕೆಂದೇ ಮೆಟ್ಟಿಲಿಳಿದು ಮೈದಾನಕ್ಕೆ ಹೋದೆ. ಆದರೆ ಹತ್ತಿರ ಹೋದ ಮೇಲೆ, ಜನ ನೋಡುತ್ತಿದ್ದಂತೆಯೇ ನಾನೂ ಅವರ ಪಕ್ಕದಲ್ಲಿ ಕೂತೆ.