ಸಾವಿಗೆ ಮೊದಲೇ ಬಂದ ಊಟ

ಲಾರ್ಕ್ ಬೀದಿಯಲ್ಲಿ ಹನ್ನೊಂದು ಮನೆ, ಹನ್ನೊಂದರ ಮುಂದೆಯೂ ಹುಲ್ಲುಹಾಸು. ಪ್ರತಿ ಶನಿವಾರ ಅವರವರ ಹುಲ್ಲನ್ನು ಅವರವರೇ ಕತ್ತರಿಸಬೇಕು. ಗಡಿ ದಾಟಿ ಒಂದಂಗುಲ ಆಚೆ ಕತ್ತರಿಸಿದರೂ ಮಾತು ಕೇಳಬೇಕಾಗುತ್ತದೆ. ಒಬ್ಬರ ಹುಲ್ಲಿಗೆ ಇನ್ನೊಬ್ಬರು ಯಂತ್ರ ಇಳಿಸುವುದು ಆ ಮನೆಯಲ್ಲಿ ಸಾವಾದಾಗ ಮಾತ್ರ; ಆಗ ಉಳಿದ ಮನೆಗಳಿಂದ ಊಟವೂ ಬರುತ್ತದೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಅಮೆರಿಕದ ಡೇಟನ್ ಊರಂಚಿನ ಆ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಯಾರೂ ಮೀರಿಯೂ ಇರಲಿಲ್ಲ.

ಆರ್ವಿಲ್ ಹೆಂಡರ್‌ಶಾಟ್‌ಗೆ ಆ ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಗಮನವೇ ಇರಲಿಲ್ಲ. ಹೆಂಡತಿ ವರ್ನಾಳ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಏಪ್ರಿಲ್‌ನಲ್ಲಿ ಡಾಕ್ಟರು ಹೇಳಿದ್ದರು. ನವೆಂಬರ್ ದಾಟಿದರೆ ಹೆಚ್ಚು ಎಂದೂ ಹೇಳಿದ್ದರು. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲೇ ವರ್ನಾ ಗಂಡನಿಂದ ಮಾತು ತೆಗೆದುಕೊಂಡಿದ್ದಳು.

"ಯಾರಿಗೂ ಬಾಯಿ ಬಿಡಬಾರದು. ನನ್ನ ಮುಂದೆ ತಲೆ ಓರೆ ಮಾಡ್ಕೊಂಡು 'ಅಯ್ಯೋ ಪಾಪ' ಅನ್ನೋ ಮುಖಗಳನ್ನ ನೋಡ್ಕೊಂಡು ನಾನು ಸಾಯಲ್ಲ."

ಮಾತು ಕೊಟ್ಟ ಪುಣ್ಯಾತ್ಮ ಅದನ್ನು ಉಳಿಸಿಕೊಂಡ. ಬೀದಿಯವರು ಕೇಳಿದರೆ ಬೆನ್ನುನೋವು ಎನ್ನುತ್ತಿದ್ದ. ಅಳು ಬಂದರೆ ಗ್ಯಾರೇಜಿಗೆ ಹೋಗಿ ರೇಡಿಯೋ ಜೋರು ಮಾಡುತ್ತಿದ್ದ. ಮೂರು ತಿಂಗಳು ಹೀಗೆ ಕಳೆದು ಮನುಷ್ಯ ಅರ್ಧಕ್ಕಿಳಿದಿದ್ದ.

ಪಕ್ಕದ ಮನೆಗೆ ಡ್ವೇನ್ ಮತ್ತು ರಾಕ್ಸಿ ಟಟಲ್ ದಂಪತಿ ಬಂದದ್ದು ಇದರ ನಡುವೆಯೇ. ಮೂರು ಮೋಟಾರ್‌ಸೈಕಲ್ ತಂದರು. ಹಳೆಯ ಸ್ನಾನದ ತೊಟ್ಟಿಯೊಂದನ್ನು ಮನೆ ಮುಂದೆ ಇಟ್ಟು, ಡ್ವೇನ್ ಚಡ್ಡಿಯಲ್ಲಿ ಅದರೊಳಗೆ ಕೂತು ಬಿಯರ್ ಕುಡಿದ. ರಾಕ್ಸಿ ಬಾಗಿಲು ತಟ್ಟದೆ ಆರ್ವಿಲ್‌ನ ಅಡುಗೆಮನೆಗೇ ನುಗ್ಗಿ, ಬೆಣ್ಣೆ ಹುಡುಕುತ್ತಾ ಫ್ರಿಜ್ ತೆಗೆದಳು.

"ಇದೇನ್ರೀ, ಬೆಣ್ಣೆಗಿಂತ ಔಷಧಿ ಬಾಟಲಿನೇ ಜಾಸ್ತಿ?" ಎಂದಳು.

"ಬೆನ್ನುನೋವು," ಎಂದ ಆರ್ವಿಲ್. ರಾಕ್ಸಿ ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಬೆಣ್ಣೆ ತೆಗೆದುಕೊಳ್ಳದೆ ಹೋದಳು.

ಜುಲೈ ತಿಂಗಳ ಒಂದು ಶನಿವಾರ ಆಸ್ಪತ್ರೆಯಿಂದ ಬರುವಾಗ ವರ್ನಾ ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿದ್ದಳು. ಹೀಗಾಗಿ ಬೀದಿಗೆ ಕಂಡದ್ದು ಒಬ್ಬಂಟಿಯಾಗಿ ಕಾರು ಓಡಿಸಿಕೊಂಡು ಬಂದ ಆರ್ವಿಲ್ ಮಾತ್ರ. ಅವನಿಗೆ ಕಂಡದ್ದು ತನ್ನ ಮೊಣಕಾಲೆತ್ತರದ ಹುಲ್ಲಿನಲ್ಲಿ ಬರಿಮೈಯಲ್ಲಿ ಯಂತ್ರ ತಳ್ಳುತ್ತಿದ್ದ ಡ್ವೇನ್. ಎದುರುಮನೆಗಳ ಪರದೆಗಳು ಒಂದೊಂದಾಗಿ ಸರಿಯುತ್ತಿದ್ದವು. ಆರ್ವಿಲ್ ಕಾರನ್ನು ನೇರ ಗ್ಯಾರೇಜಿನೊಳಕ್ಕೆ ನುಗ್ಗಿಸಿದ.

ವರ್ನಾಳನ್ನು ಗ್ಯಾರೇಜಿನೊಳಗಿಂದಲೇ ಕರೆದೊಯ್ದು ಮಲಗಿಸಿ, ಹೊರಗೆ ಓಡಿದ.

"ನಿಲ್ಸಯ್ಯಾ! ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು ಸಾರ್? ನಮ್ಮಮ್ಮ ಕಾಯಿಲೆ ಬಿದ್ದು ಮಲಗಿದ್ದಾಗ ನಮ್ಮ ಹುಲ್ಲೂ ಹೀಗೇ ಬೆಳೆದಿತ್ತು. ಯಾರೂ ನಮ್ಮ ಕಡೆ ತಿರುಗಿ ನೋಡ್ಲಿಲ್ಲ. ಇನ್ನೊಂದು ಮೂಲೆ ಇದೆ, ಮುಗಿಸಿಬಿಡ್ತೀನಿ."

ಆರ್ವಿಲ್ ಮನೆ ಕಡೆ ತಿರುಗಿದ. ಒಳಗೆ ಬಂದು ಕೂತ.

ಒಂದು ಗಂಟೆಯೊಳಗೆ ಬಾಗಿಲ ಕರೆಗಂಟೆ ಸದ್ದಾಯಿತು. ಎದುರುಮನೆಯ ಮಾರ್ಜ್ ಕ್ಲಿಂಗ್‌ಮನ್ ಕಪ್ಪು ಉಡುಪಿನಲ್ಲಿ, ಓವನ್‌ನಿಂದ ಆಗಷ್ಟೇ ತೆಗೆದ ಮೀನು-ನೂಡಲ್ಸ್ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನೂ ಐದಾರು ಮಂದಿ. ಒಬ್ಬರ ಕೈಯಲ್ಲಿ ಹಂದಿಮಾಂಸ, ಒಬ್ಬರ ಕೈಯಲ್ಲಿ ಹಸಿರು ಜೆಲ್ಲಿ.

"ಯಾವಾಗ ಹೋದಳು, ಆರ್ವಿಲ್?"

ಯಾರೂ ಹೋಗಿಲ್ಲ ಎಂದರೆ ಆಗುತ್ತಿತ್ತು. ಮತ್ತೊಮ್ಮೆ ಬೆನ್ನುನೋವು ಎಂದರೂ ಆಗುತ್ತಿತ್ತು. ಅಷ್ಟರಲ್ಲಿ ಮಾರ್ಜ್ ಊಟದ ತಟ್ಟೆಯನ್ನು ಹಿಂದಿನವಳಿಗೆ ಕೊಟ್ಟು ಅವನನ್ನು ಅಪ್ಪಿಕೊಂಡಳು. ಏಪ್ರಿಲ್‌ನಿಂದ ಅವನನ್ನು ಹೀಗೆ ಯಾರೂ ಹಿಡಿದುಕೊಂಡಿರಲಿಲ್ಲ. ಕಟ್ಟಿಟ್ಟುಕೊಂಡಿದ್ದೆಲ್ಲ ಒಡೆಯಿತು. ಮಗುವಿನಂತೆ ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಇನ್ನು ಅನುಮಾನಕ್ಕೆ ಜಾಗವೆಲ್ಲಿ? ಗಂಡಸರು ಟೋಪಿ ತೆಗೆದರು.

"ಒಳ್ಳೇ ಹೆಂಗಸು," ಎಂದಳು ಮಾರ್ಜ್, ಅವನ ಬೆನ್ನು ಸವರುತ್ತಾ. "ಒಂಚೂರು ಜಂಭ ಇತ್ತು, ಇಲ್ಲ ಅನ್ನಲ್ಲ."

"ಈಗಲೂ ಇದೆ ಮಾರ್ಜ್."

ವರ್ನಾ ರಾತ್ರಿಯುಡುಪಿನಲ್ಲೇ ಗೋಡೆ ಹಿಡಿದುಕೊಂಡು ನಿಂತಿದ್ದಳು. ಮಾರ್ಜ್‌ಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಹಸಿರು ಜೆಲ್ಲಿ ನೆಲದ ಪಾಲಾಯಿತು. ಗದ್ದಲ ಕೇಳಿ ಮೆಟ್ಟಿಲ ಬಳಿ ಬಂದ ಡ್ವೇನ್, ಬೆವರು ಒರೆಸಿಕೊಳ್ಳುತ್ತಾ, "ಯಾರು ಸತ್ತಿದ್ದು?" ಎಂದು ಗಟ್ಟಿಯಾಗಿ ಕೇಳಿದ.

ವರ್ನಾ ಅವರ ಕಡೆ ನೋಡಲಿಲ್ಲ. ಅವಳ ಕಣ್ಣು ಗಂಡನ ಒದ್ದೆ ಮುಖದ ಮೇಲಿತ್ತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ತನ್ನ ಮಾನಕ್ಕೆಂದು ಪಡೆದ ಮಾತಿಗೆ ಅವನು ಎಷ್ಟು ತೆತ್ತಿದ್ದಾನೆಂದು ಆಗ ಗೊತ್ತಾಯಿತು. ಗೊತ್ತಾಗಿ ನೋವಾಯಿತು, ರೋಗಕ್ಕಿಂತ ಹೆಚ್ಚು.

"ನನಗೆ ಕ್ಯಾನ್ಸರ್," ಎಂದಳು. "ಯಾರಿಗೂ ಹೇಳಬೇಡ ಅಂತ ಇವನಿಗೆ ಅಂದವಳು ನಾನೇ. ಇವನನ್ನ ಬೈಯಬೇಡಿ. ಎಲ್ಲರೂ ಒಳಗೆ ಬನ್ನಿ. ನೀನೂ ಬಾ ಡ್ವೇನ್, ಅಂಗಿ ಹಾಕ್ಕೊಂಡು."

ಎಲ್ಲರೂ ಬಂದು ಕೂತರು. ತಂದ ಊಟವನ್ನೇ ತಟ್ಟೆಗಳಿಗೆ ಬಡಿಸಿದರು. ವರ್ನಾ ಎರಡು ತುತ್ತು ತಿಂದು, ಉಪ್ಪು ಕಡಿಮೆ ಎಂದಳು. ಮಾರ್ಜ್ ಕಣ್ಣೊರೆಸಿಕೊಂಡು, "ನಾವೇನು ಮಾಡ್ಬೇಕು ಹೇಳು," ಎಂದಳು.

"ನವೆಂಬರ್‌ನಲ್ಲಿ ನೀವು ಬಂದೇ ಬರ್ತೀರ, ಅದು ಗೊತ್ತು. ಎಲ್ಲ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ, ಆಗಲೂ ಬನ್ನಿ. ಇವನು ಬಾಗಿಲು ತೆಗೀದಿದ್ರೆ ರಾಕ್ಸಿ ಥರ ನುಗ್ಗಿ."

ಆರ್ವಿಲ್ ಅವಳ ಕೈ ಹಿಡಿದುಕೊಂಡ. ಎಲ್ಲರೆದುರಿಗೇ ಇನ್ನೊಮ್ಮೆ ಅತ್ತ. ಯಾರೂ ಎದ್ದು ಹೋಗಲಿಲ್ಲ.