ಶೀತದ ಔಷಧಿ

ಅಣ್ಣನ ಕೈ ನಡುಗುತ್ತಿರುವುದು ಚಳಿಗಲ್ಲ. ಅನುಸೂಯ ಇದನ್ನು ಮನಸ್ಸಿನಲ್ಲೇ ಹೇಳಿಕೊಂಡಳು; ಹೇಳಿಕೊಂಡದ್ದಕ್ಕೇ ಹೆದರಿದಳು. ಹಜಾರದಲ್ಲಿ ಅಣ್ಣ ಗೋಪಾಲಪ್ಪ ವಿಮಾನ ಕಂಪನಿಯ ಕೋಟಿನ ಗುಂಡಿಯನ್ನು ಮತ್ತೆ ತಪ್ಪು ತೂತಿಗೆ ಸಿಕ್ಕಿಸುತ್ತಿದ್ದ.

ಅವ್ವ ಪಿಳ್ಳಮ್ಮ ಅಡಿಗೆಮನೆಯಿಂದ ಲೋಟ ತಂದಳು. ಅದರಲ್ಲಿದ್ದದ್ದು ಬಾಣಂತಿಯರಿಗೆಂದು ಮನೆಯಲ್ಲಿ ಯಾವಾಗಲೂ ಇರುತ್ತಿದ್ದ ಬ್ರಾಂದಿ. ಹಸೀ ಬಾಣಂತಿಯ ಮೈ ಬೆಚ್ಚಗಿಡುವ ಔಷಧಿ, ಮೋಡದ ಮೇಲೆ ಹೋಗುವ ಮಗನಿಗೆ ಬೇಡವೇ ಎಂಬುದು ಅವಳ ಲೆಕ್ಕ. ಟ್ರಂಕಿನ ಹಿಂದೆ ಅವನದೇ ಇನ್ನೊಂದು ಸೀಸೆ ಇರುವುದು, ಬೆಳಕು ಹರಿಯುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿರುವುದು ಅವಳಿಗೆ ತಿಳಿಯದು.

"ಕುಡ್ದು ಓಗಪ್ಪ. ಅಷ್ಟು ಮ್ಯಾಲೆ ಶೀತ ಹಿಡ್ಕಂಡ್ರೆ ಯಾರವ್ರೆ ನೋಡೋಕೆ."

ಗೋಪಾಲಪ್ಪ ಗಟಗಟನೆ ಕುಡಿದು ಏಲಕ್ಕಿ ಬಾಯಿಗೆ ಹಾಕಿಕೊಂಡ. "ಏನೇ ಬಿ.ಎ. ಮೇಡಮ್ಮು, ಹಂಗ್ ನೋಡ್ತೀಯ? ಬರ್ಮಾ ಯುದ್ಧದಲ್ಲಿ ಗುಂಡಿನ ಮಧ್ಯೆ ವಿಮಾನ ಹಾರಿಸ್ದೋನು ಕಣೇ ನಾನು."

ಕಳೆದ ವಾರ ವಿಮಾನ ಇಳಿಸುವಾಗ ಚಕ್ರ ದಾರಿ ಬಿಟ್ಟು ಹುಲ್ಲಿಗೆ ಹೋಯಿತೆಂದು ಅವನೇ ನಗುತ್ತಾ ಹೇಳಿದ್ದ. ಅಂದಿನಿಂದ ಅನುಸೂಯಳಿಗೆ ಊಟ ಸೇರುತ್ತಿರಲಿಲ್ಲ.

ಅವ್ವ ಒಳಗೆ ಹೋದದ್ದೇ ಅವನು ದನಿ ತಗ್ಗಿಸಿದ. "ಎಲ್ಲಾದ್ರೂ ಬಾಯ್ಬಿಟ್ಟೆ ಅಂದ್ರೆ ನನ್ ಕತೆ ಮುಗೀತು. ನಂಗೆ ಇನ್ನೇನ್ ಬರ್ತದೆ ಹೇಳು?"

ಹೊರಗೆ ವ್ಯಾನು ಬಂದು ನಿಂತಿತು. ಪ್ರಯಾಣಿಕರನ್ನು ಮನೆಮನೆಯಿಂದ ಹತ್ತಿಸಿಕೊಂಡು, ದೇವನಹಳ್ಳಿಯಲ್ಲಿ ಗೋಪಾಲಪ್ಪನನ್ನೂ ಕರೆದುಕೊಂಡು ಬೆಂಗಳೂರಿನ ವಿಮಾನ ಮೈದಾನಕ್ಕೆ ಹೋಗುವುದು ವಾಡಿಕೆ. ಕಂಪನಿಯ ಅಧಿಕಾರಿ ವೆಂಕಟರಾಯಪ್ಪ ಇಳಿದು ಬಾಗಿಲಿಗೆ ಬಂದರು.

"ಕ್ಯಾಪ್ಟನ್ ರೆಡೀನಾ ತಾಯಿ?"

"ಬತ್ತವ್ನೆ ಸ್ವಾಮಿ. ವಸಿ ಶೀತ, ಔಸ್ದಿ ಕೊಟ್ಟಿವ್ನಿ," ಎಂದಳು ಒಳಗಿನಿಂದ ಬಂದ ಪಿಳ್ಳಮ್ಮ.

"ಕಷಾಯಾನಾ? ನಮ್ಮನೇಲೂ ಇದೇ ಕಾಟ," ಎಂದು ಅವರು ನಕ್ಕರು. "ಹುಷಾರಿಲ್ದಿದ್ರೆ ಹೇಳ್ಬಿಡ್ಲಿ. ಇನ್ನೊಬ್ರು ಪೈಲಟ್ಟು ಮೈದಾನದಲ್ಲೇ ಇದಾರೆ. ಡಾಕ್ಟರಿಗೆ ತೋರಿಸ್ಕೊಂಡು, ವಾಸಿಯಾದ್ಮೇಲೆ ಬರ್ಲಿ. ಹೇಳ್ದೆ ಹತ್ತಬಾರ್ದು, ಅಷ್ಟೆ."

ಅನುಸೂಯ ಅಂಗಳಕ್ಕೆ ಇಳಿದಳು. ವ್ಯಾನಿನ ಕಿಟಕಿಯಲ್ಲಿ ಕೂಸನ್ನು ಎದೆಗವಚಿಕೊಂಡ ಹೆಂಗಸೊಬ್ಬಳು ಕರೆದಳು.

"ಅಕ್ಕಾ, ನಿಮ್ಮಣ್ಣಾವ್ರೇ ಅಂತಲ್ಲ ಓಡ್ಸೋದು? ನಾನು ತೂಬಗೆರೆಯೋಳು. ಮಗೀನ ಕರ್ಕೊಂಡು ನಮ್ ಯಜಮಾನ್ರಿರೋ ಮದ್ರಾಸ್‌ಗೆ ಹೊಂಟಿವ್ನಿ. ಇಮಾನ ಅಂದ್ರೆ ಕೈಕಾಲೇ ಆಡ್ತಿರ್ಲಿಲ್ಲ. ನಮ್ ಕಡೆಯೋರೇ ಅಂದ್ಮೇಲೆ ಈಗ ಭಯ ಇಲ್ಲ ಬುಡಿ."

ಕೂಸಿನ ಒಂದು ಪಾದ ಶಾಲಿನಿಂದ ಹೊರಗಿತ್ತು. ಅನುಸೂಯ ಶಾಲು ಎಳೆದು ಆ ಪಾದ ಮುಚ್ಚಿದಳು.

ಗೋಪಾಲಪ್ಪ ಹೊರಗೆ ಬಂದ. ಎಷ್ಟು ನೆಟ್ಟಗೆ ನಡೆಯುತ್ತಿದ್ದನೆಂದರೆ, ನೋಡುವವರಿಗೆ ಬಿಗುಮಾನದ ಮನುಷ್ಯ ಅನ್ನಿಸಬೇಕು. ವ್ಯಾನಿನ ಬಾಗಿಲ ಹಿಡಿಗೆ ಕೈ ಹಾಕಿದ. ಕೈ ಪಕ್ಕದ ತಗಡನ್ನು ಸವರಿತು. ಕೂಸಿನ ತಾಯಿಯ ಕಡೆ ನೋಡಿ ನಕ್ಕು ಮತ್ತೆ ಹುಡುಕಿದ.

ಅಣ್ಣ ತನ್ನನ್ನೇ ನೋಡುತ್ತಿದ್ದಾನೆಂದು ಅನುಸೂಯಳಿಗೆ ಗೊತ್ತಿತ್ತು. ಆ ಕಡೆ ತಿರುಗಿದರೆ ಹೇಳಲಾಗುವುದಿಲ್ಲವೆಂದು ವೆಂಕಟರಾಯಪ್ಪನವರ ಅಂಗಿಯ ಜೇಬನ್ನೇ ನೋಡುತ್ತಾ ಅವರ ಮುಂದೆ ನಿಂತಳು.

"ಅದು ಕಷಾಯ ಅಲ್ಲ ಸಾರ್," ಎಂದಳು. "ಅಣ್ಣ ಕುಡಿದಿದ್ದಾನೆ. ದಿನಾ ಕುಡೀತಾನೆ. ಅವನನ್ನ ವಿಮಾನ ಹತ್ತಿಸ್ಬೇಡಿ."

ಗೋಪಾಲಪ್ಪ ವ್ಯಾನಿನ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತು, ಬಗ್ಗಿ, ಕಂಪನಿಯ ಬೂಟಿನ ಲಾಡಿ ಬಿಚ್ಚತೊಡಗಿದ.