ಹತ್ತಿ ತುರುಕಿದ ಅಲಾರಂ

ಕುಮಟಾದ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಗೋಡೆಯಲ್ಲಿದ್ದ ಎಂಆರ್‌ಐ ಮಷಿನ್ನಿನ ಅಲಾರಂ ಬಾಯಿಗೆ ಹತ್ತಿ ತುರುಕಿ, ಮೇಲೆ ಬ್ಯಾಂಡೇಜು ಪಟ್ಟಿ ಅಂಟಿಸಿದ್ದರು. ಆದರೂ ಅದು ಒಳಗಿನಿಂದಲೇ ಗಂಟಲು ಕಟ್ಟಿದ ಕಪ್ಪೆಯಂತೆ ಕೂಗುತ್ತಿತ್ತು.

“ಉಪ್ಪು ಗಾಳಿ ಮಾರಾಯ್ತಿ,” ಎಂದಿದ್ದ ಮಷಿನ್ ನಡೆಸುವ ಭಾಸ್ಕರ. “ಇಲ್ಲಿ ಫ್ಯಾನೂ ಕೂಗ್ತದೆ, ಬಾಗಿಲೂ ಕೂಗ್ತದೆ. ಇದೊಂದು ಕೂಗಿದ್ರೆ ಎಂತಾತು?”

ಮಾಲೀಕ ನಿತ್ಯಾನಂದರು ನಕ್ಕು, ಎಂದಿನಂತೆ ರೋಗಿಗಳು ಕೈ ತೊಳೆಯುವ ಬೇಸಿನ್ನಿಗೇ ಎಲೆಯಡಿಕೆಯ ಕವಳ ಉಗುಳಿದರು. ತೊಳೆಯುವವಳು ನಾನು.

ಅಲಾರಂ ಏಕಿದೆ ಎಂದು ಮಷಿನ್ ಕೂರಿಸಲು ಬಂದವರು ಎಲ್ಲರಿಗೂ ಹೇಳಿದ್ದರು. ಅಯಸ್ಕಾಂತದ ಸುರುಳಿ ಹೀಲಿಯಂನಲ್ಲಿ ಮುಳುಗಿ ವಿಪರೀತ ತಣ್ಣಗಿರುವವರೆಗೆ ಮಾತ್ರ ಅದರಲ್ಲಿ ಕರೆಂಟು ತಡೆಯಿಲ್ಲದೆ ಓಡುತ್ತದೆ. ಸ್ವಲ್ಪ ಬಿಸಿಯಾದರೆ ಆ ಗುಣ ಹೋಗಿ, ಹೀಲಿಯಂ ಒಮ್ಮೆಲೇ ಕುದಿದು ನುಗ್ಗುತ್ತದೆ. ಅಷ್ಟರೊಳಗೆ ಎಚ್ಚರಿಸುವುದೇ ಅಲಾರಂ ಕೆಲಸ.

ಸೋಮವಾರ ಅಘನಾಶಿನಿಯ ತಿಮ್ಮಜ್ಜಿ ಬಂದಳು. ಹೊಳೆಯಲ್ಲಿ ಬಳಚಿನ ಚಿಪ್ಪು ಹೆಕ್ಕಿ ಹೆಕ್ಕಿ ಸೊಂಟ ಹೋಗಿತ್ತು. ಸೀರೆ ಬಿಚ್ಚಿಸಿ ಗೌನು ತೊಡಿಸಿ, ಲೋಹ ಒಳಗೆ ಹೋಗಬಾರದೆಂದು ಮೂಗುತಿ ತೆಗೆದು ಇಟ್ಟುಕೊಂಡವಳು ನಾನೇ. ಅವಳು ಮಷಿನ್ನಿನೊಳಗೆ ಮಲಗಿದ್ದಾಗ ಛಾವಣಿಯ ಪೈಪು ಭೋರಿಟ್ಟಿತು. ಕೋಣೆಗೂ ಹೀಲಿಯಂನ ಬಿಳಿ ಮಂಜು ಇಳಿಯಿತು. ಭಾಸ್ಕರ ಹೊರಗೋಡಿದ. ನಾನು ಅಜ್ಜಿಯನ್ನು ಕಾಲು ಹಿಡಿದು ಎಳೆದು, ಜಗಲಿಗೆ ತಂದೆ.

ನಿತ್ಯಾನಂದರು ಕೆಮ್ಮುತ್ತಿದ್ದ ಅವಳತ್ತ ನೋಡಲೇ ಇಲ್ಲ. “ಮುದುಕಿ ಸೊಂಟದಲ್ಲಿ ಬಳಚು ಕತ್ತಿ ಇತ್ತು. ಅದ್ರಿಂದ್ಲೇ ಹಾಳಾತು. ಎಂಜಿನಿಯರ್ ಬಂದ್ರೆ ನೀನೂ ಹಾಗೇ ಹೇಳು. ಇಲ್ಲಾಂದ್ರೆ ನಾಳೆಯಿಂದ ಬರೂದು ಬೇಡ.”

ಅಜ್ಜಿ ಮೂಗು ತಡವಿಕೊಂಡಳು. “ಮೂಗುತಿ ಇತ್ತನಾ ತಂಗಿ? ನನ್ನಿಂದ್ಲೇ ಆತಾ?” ನನ್ನ ಅಂಗೈಯಲ್ಲಿದ್ದ ಮೂಗುತಿ ತೋರಿಸಿದೆ. ಆದರೂ ಅವಳು ನಂಬಲಿಲ್ಲ. ಪೊಲೀಸರು ಬರುತ್ತಾರೆ, ಅಲ್ಲಿವರೆಗೆ ಕದಲಬೇಡ ಎಂದು ಭಾಸ್ಕರ ಹೆದರಿಸಿಬಿಟ್ಟಿದ್ದ.

ಸಂಜೆ ಎಂಜಿನಿಯರ್ ಚಂದನಾ ಬಂದರು. ಕತ್ತಿಯ ಕಥೆಯನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದರು. “ನೀವು ನೋಡಿದ್ರಾ?”

ನಿತ್ಯಾನಂದರು ನನ್ನನ್ನೇ ದಿಟ್ಟಿಸಿದರು. ಸ್ಟೂಲು ಎಳೆದು ಹತ್ತಿ, ಗೋಡೆಯ ಪಟ್ಟಿಯನ್ನು ಕಿತ್ತೆ. ಹಳದಿಗಟ್ಟಿದ, ಒದ್ದೆ ಹತ್ತಿ ಉಗುರಿಗಂಟಿ ಬಂತು. ಅಲಾರಂ ಕಿವಿ ಹರಿಯುವಂತೆ ಕಿರುಚಿತು.

“ಉಪ್ಪು ಗಾಳಿ…” ಎಂದು ನಿತ್ಯಾನಂದರ ಬಾಯಿ ಆಡಿತು.

ಚಂದನಾ ಕೈ ಚಾಚಿದರು. ಹತ್ತಿಯನ್ನೂ ಪಟ್ಟಿಯನ್ನೂ ಅವರ ಕೈಗಿಟ್ಟೆ. ಅಜ್ಜಿಗೆ ಮೂಗುತಿ ತೊಡಿಸಿ, ತೋಳು ಹಿಡಿದು ಹೊರಟೆ. ದಾರಿಯಲ್ಲೇ ಇದ್ದ ಬೇಸಿನ್ನಿನಲ್ಲಿ ನಿತ್ಯಾನಂದರು ಬೆಳಿಗ್ಗೆ ಉಗುಳಿದ ಕವಳ ಹಾಗೇ ಇತ್ತು. ತೊಳೆಯಲಿಲ್ಲ.